ಒಪ್ಪಿಗೆ ಕೊಟ್ಟವರು ಯಾರು?

ಭಾನುವಾರದ ಬಲಿಪೂಜೆಯ ನಂತರ ನಡೆಯುವ ಧರ್ಮೋಪದೇಶದ ತರಗತಿ ಮುಗಿದಿತ್ತು. ಅಂದಿನ ಪಾಠ ಏಳನೆಯ ಆಜ್ಞೆ, ಅಂದರೆ ಕಳ್ಳತನದ ಕುರಿತಾದ ದೇವರ ಆಜ್ಞೆ. ಮಕ್ಕಳೆಲ್ಲ ದೇವಾಲಯದ ಅಂಗಳಕ್ಕೆ ಓಡಿದ ಮೇಲೂ ಆರನೆಯ ತರಗತಿಯಲ್ಲಿ ಓದುವ ಹುಡುಗನೊಬ್ಬ ಚೀಲದ ಪಟ್ಟಿಯನ್ನು ತಿರುಚುತ್ತಾ ಬೆಂಚಿನ ಬಳಿಯೇ ನಿಂತಿದ್ದ. ಏನೆಂದು ಕೇಳಿದೆ. "ಸರ್, ಗೊತ್ತಿಲ್ಲದೆ ಆದದ್ದೂ ಕಳ್ಳತನಾನಾ?" ಎಂದ.

ಅವನ ಹಾಗೂ ಅವನ ತಾಯಿಯ ಅನುಮತಿ ಪಡೆದೇ ಈ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ತಂದೆ ಲಾರಿ ಚಾಲಕರು, ತಿಂಗಳಲ್ಲಿ ಹೆಚ್ಚು ದಿನ ಊರಿನಲ್ಲಿರುವುದಿಲ್ಲ. ತಾಯಿ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಾರೆ. ಸಂಜೆ ಅವರು ಅಡುಗೆಗೆ ನಿಂತಾಗ ಫೋನು ಮಗನ ಕೈಗೆ ಬರುತ್ತದೆ. ಶಾಲೆಯ ಮನೆಪಾಠ ಬರುವುದೂ ಅದರಲ್ಲೇ, ಬೀದಿಯ ಕೊನೆಯ ಅಂಗಡಿಗೆ ಹಣ ಕೊಡುವುದೂ ಅದರಲ್ಲೇ. ಒಂದು ಸಂಜೆ ಸಾಮಾಜಿಕ ಜಾಲತಾಣದಲ್ಲಿ ಕಿರುಚಿತ್ರಗಳನ್ನು ನೋಡುತ್ತಿದ್ದಾಗ ನಡುವೆ ಒಂದು ಜಾಹೀರಾತು ಬಂದಿತು. ಹತ್ತು ಪ್ರಶ್ನೆಗಳಿಗೆ ಉತ್ತರಿಸಿದರೆ ಯಾವ ವೀರನ ಗುಣ ನಿನ್ನಲ್ಲಿದೆ ಎಂದು ತಿಳಿಸುವ ಆಟವದು. ಹತ್ತಕ್ಕೂ ಉತ್ತರಿಸಿದ ಮೇಲೆ ಫಲಿತಾಂಶಕ್ಕೆ ಒಂದು ರೂಪಾಯಿ ಕೇಳಿತು. ಅಂಗಡಿಗೆ ಹೋಗಿ ಬರುವ ಹುಡುಗನಿಗೆ ತಾಯಿಯ ಪಿನ್ ತಿಳಿದೇ ಇತ್ತು. ಒತ್ತಿದ. ವೀರನ ಚಿತ್ರ ಬಂದಿತು, ನೋಡಿ ನಕ್ಕು ಮರೆತ. ಒಂದು ವಾರದ ನಂತರ ತಾಯಿಯ ಖಾತೆಯಿಂದ 299 ರೂಪಾಯಿ ಹೋಯಿತು. ಮರುತಿಂಗಳು ಮತ್ತೆ 299, ಅದರ ಮರುತಿಂಗಳೂ 299.

ಹಣ ಹೋದದ್ದು ತಾಯಿಗೆ ತಿಳಿದದ್ದು ಮೂರನೆಯ ಸಲ. ಅಂದು ಸಂಜೆ ಅಕ್ಕಿ, ಎಣ್ಣೆ ತಂದಿದ್ದರು, ಹಣ ಕಳಿಸಿದವನು ಮಗ. ಅಂಗಡಿಯವರೇ ಹೆಚ್ಚಿಗೆ ಎಳೆದುಕೊಂಡಿದ್ದಾರೆಂದು ಭಾವಿಸಿ ಆಕೆ ಹೋಗಿ ನಾಲ್ಕು ಜನರ ಮುಂದೆ ಕೇಳಬಾರದ ಮಾತು ಕೇಳಿದರು. ಆ ಅಂಗಡಿಯವರು ವಯಸ್ಸಾದವರು; ಕಷ್ಟದ ತಿಂಗಳುಗಳಲ್ಲಿ ಈ ಮನೆಗೆ ಸಾಲಕ್ಕೆ ದಿನಸಿ ಕೊಟ್ಟವರು. ಅಷ್ಟರಲ್ಲಿ ಹುಡುಗನಿಗೆ ಅನುಮಾನ ಬಂದಿತ್ತು. ಆ ಒಂದು ರೂಪಾಯಿಯ ನೆನಪೂ ಬಂದಿತ್ತು. ಆದರೆ ಬಾಯಿ ಬರಲಿಲ್ಲ. "ಅಮ್ಮ ಅವರಿಗೆ ಕಳ್ಳ ಅಂದಾಗ ನಾನು ಪಕ್ಕದಲ್ಲೇ ನಿಂತಿದ್ದೆ ಸರ್" ಎಂದು ಹೇಳುವಾಗ ಅವನ ಕಣ್ಣು ತುಂಬಿತ್ತು.

ಪ್ರಿಯ ಓದುಗರೇ, ಕಳೆದುಹೋದದ್ದು ಒಂಬೈನೂರಕ್ಕೆ ಮೂರು ಕಡಿಮೆ ರೂಪಾಯಿ. ಹೊಲಿಗೆ ಯಂತ್ರದ ಮುಂದೆ ಬೆನ್ನು ಬಗ್ಗಿಸಿ ದುಡಿಯುವ ತಾಯಿಗೆ ಅದು ಸಣ್ಣ ಮೊತ್ತವಲ್ಲ. ಆದರೂ ನನ್ನನ್ನು ಹೆಚ್ಚು ಕಾಡಿದ್ದು ಹುಡುಗನ ಪ್ರಶ್ನೆ. ಈ ವ್ಯವಹಾರದಲ್ಲಿ ಕದ್ದವರು ಯಾರು? ಒಪ್ಪಿಗೆ ಕೊಟ್ಟವರು ಯಾರು?

ಇದು ಹೊಸ ಉಪಾಯವೇನಲ್ಲ. 2008ರಿಂದ 2010ರ ಸುಮಾರಿಗೆ ಅಮೆರಿಕದಲ್ಲಿ ಫೇಸ್‌ಬುಕ್‌ನಂತಹ ಜಾಲತಾಣಗಳಲ್ಲಿ ಬುದ್ಧಿಮತ್ತೆಯ ಪರೀಕ್ಷೆಗಳು ಧಾರಾಳವಾಗಿ ಹರಿದಾಡುತ್ತಿದ್ದವು. ನಿನ್ನ ಗೆಳೆಯ ಇಷ್ಟು ಅಂಕ ಪಡೆದಿದ್ದಾನೆ, ನೀನು ಅವನನ್ನು ಮೀರಿಸಬಲ್ಲೆಯಾ ಎಂದು ಅವು ಕೆಣಕುತ್ತಿದ್ದವು. ಪ್ರಶ್ನೆಗಳೆಲ್ಲ ಮುಗಿದ ಮೇಲೆ ಅಂಕ ತಿಳಿಯಲು ಮೊಬೈಲ್ ಸಂಖ್ಯೆ ಕೇಳಲಾಗುತ್ತಿತ್ತು. ಫೋನಿಗೆ ಬಂದ ಸಂಕೇತವನ್ನು ಮರಳಿ ಬರೆದರೆ ಸಾಕು, ತಿಂಗಳಿಗೆ ಸಾಮಾನ್ಯವಾಗಿ 9.99 ಡಾಲರಿನ ಒಂದು ಚಂದಾ ಆರಂಭವಾಗುತ್ತಿತ್ತು. ಚಂದಾ ಯಾವುದಕ್ಕೆ? ದಿನಭವಿಷ್ಯಕ್ಕೆ, ಚಿತ್ರತಾರೆಯರ ಸುದ್ದಿಗೆ, ಇಲ್ಲವೇ ಇನ್ನಾವುದೋ ಸಂದೇಶಕ್ಕೆ. ಹಣ ಹೋಗುತ್ತಿದ್ದುದು ಫೋನಿನ ಬಿಲ್ಲಿನಲ್ಲಿ. ಬಿಲ್ಲಿನಲ್ಲಿ ಅದಕ್ಕೆ ಅರ್ಥವಾಗದ ಒಂದು ಹೆಸರು. ಮಕ್ಕಳು ಒತ್ತುತ್ತಿದ್ದರು, ತಂದೆತಾಯಿಯರು ತಿಂಗಳುಗಟ್ಟಲೆ ಕಟ್ಟುತ್ತಿದ್ದರು.

ಈ ವ್ಯಾಪಾರದ ಒಳಗುಟ್ಟು ಹೊರಬಿದ್ದದ್ದು ಸರ್ಕಾರ ದೂರು ಹೂಡಿದಾಗ. ಟಿ-ಮೊಬೈಲ್ ಕಂಪನಿಯ ಮೇಲೆ 2014ರ ಜುಲೈನಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ ದೂರಿನ ಪ್ರಕಾರ, ಇಂತಹ ಪ್ರತಿ ಡಾಲರಿನಲ್ಲಿ 35ರಿಂದ 40 ಸೆಂಟುಗಳು ಫೋನು ಕಂಪನಿಗೇ ಸೇರುತ್ತಿದ್ದವು. ಕೆಲವು ಸೇವೆಗಳಲ್ಲಿ ಒಂದೇ ತಿಂಗಳಲ್ಲಿ ನೂರಕ್ಕೆ 40 ಗಿರಾಕಿಗಳವರೆಗೆ ಹಣ ಹಿಂದಕ್ಕೆ ಕೇಳಿದ್ದರು. ನೂರು ಮಂದಿಯಲ್ಲಿ ನಲವತ್ತು ಮಂದಿ 'ನಾನು ಇದನ್ನು ಕೇಳಲಿಲ್ಲ' ಎನ್ನುವಾಗ ಮಾರುವವನಿಗೆ ಏನೂ ತಿಳಿಯದೆ ಇರಲು ಸಾಧ್ಯವೇ? ಅದೇ ವರ್ಷದ ಡಿಸೆಂಬರ್‌ನಲ್ಲಿ ಆ ಕಂಪನಿ ಕನಿಷ್ಠ 9 ಕೋಟಿ ಡಾಲರು ಕೊಡಲು ಒಪ್ಪಿತು. ಅದಕ್ಕೂ ಮುಂಚೆ ಅಕ್ಟೋಬರ್‌ನಲ್ಲಿ ಎಟಿ ಅಂಡ್ ಟಿ ಕಂಪನಿ ಇದೇ ಬಗೆಯ ದೂರಿಗಾಗಿ ಹತ್ತೂವರೆ ಕೋಟಿ ಡಾಲರಿಗೆ ರಾಜಿಯಾಗಿತ್ತು.

ನಮ್ಮ ನಾಡಿನವರಿಗೂ ಇದರ ರುಚಿ ತಿಳಿದದ್ದೇ. ಕೀಲಿಮಣೆಯ ಸಣ್ಣ ಫೋನುಗಳ ಕಾಲದಲ್ಲಿ, ಯಾರದೋ ಫೋನಿನಲ್ಲಿ ಕೇಳಿದ ಹಾಡು ಚೆನ್ನಾಗಿದೆಯೆಂದು ಸ್ಟಾರ್ ಗುಂಡಿ ಒತ್ತಿದ ಅಜ್ಜಿಯರು ತಿಂಗಳಿಗಿಷ್ಟು ಎಂದು ಕಾಲರ್ ಟ್ಯೂನಿಗೆ ಹಣ ತೆತ್ತದ್ದನ್ನು ಅನೇಕ ಮನೆಗಳು ಮರೆತಿರಲಾರವು. ಹಾಕಿಸಿದ ಕರೆನ್ಸಿ ಮಾತನಾಡದೆಯೇ ಕರಗುತ್ತಿತ್ತು. ದೂರುಗಳು ಹೆಚ್ಚಿದ ಮೇಲೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2011ರಲ್ಲಿ ಗಿರಾಕಿಯ ಸ್ಪಷ್ಟ ಒಪ್ಪಿಗೆ ಬೇಕೆಂದೂ, 2013ರಲ್ಲಿ ಆ ಒಪ್ಪಿಗೆಯನ್ನು ಎರಡು ಸಲ ಪಡೆಯಬೇಕೆಂದೂ ಆದೇಶಿಸಿತು. ಈಗ ಫೋನಿನ ಕರೆನ್ಸಿಯ ಬದಲು ಬ್ಯಾಂಕಿನ ಖಾತೆಯೇ ಫೋನಿನೊಳಗಿದೆ. 2020ರಲ್ಲಿ ಬಂದ ಯುಪಿಐ ಆಟೋಪೇ ವ್ಯವಸ್ಥೆಯಲ್ಲಿ ಮೊದಲ ಸಲ ಪಿನ್ ಒತ್ತಿ ಅಪ್ಪಣೆ ಕೊಟ್ಟರೆ, 15,000 ರೂಪಾಯಿಯವರೆಗಿನ ಮುಂದಿನ ಕಂತುಗಳಿಗೆ ಸಾಮಾನ್ಯವಾಗಿ ಮತ್ತೆ ಪಿನ್ ಬೇಕಿಲ್ಲ. ವಿದ್ಯುತ್ ಬಿಲ್ಲಿಗೂ ವಿಮೆಯ ಕಂತಿಗೂ ಇದು ಅನುಕೂಲವೇ. ಹಣ ಹೋಗುವ 24 ಗಂಟೆಗಳ ಮುಂಚೆ ಸಂದೇಶ ಬರಬೇಕೆಂಬ ನಿಯಮವೂ ಇದೆ. ಆ ತಾಯಿಯ ಫೋನಿಗೂ ಸಂದೇಶ ಬಂದಿತ್ತು. ಸಾಲ ಕೊಡುತ್ತೇವೆ, ಲಾಟರಿ ಬಂದಿದೆ ಎಂಬ ನೂರು ಇಂಗ್ಲಿಷ್ ಸಂದೇಶಗಳ ರಾಶಿಯಲ್ಲಿ ಅದೂ ಒಂದಾಗಿ ಬಿದ್ದಿತ್ತು.

ಈಗ ಒಪ್ಪಿಗೆಯ ಪ್ರಶ್ನೆಗೆ ಬರೋಣ. ಹಣ ಪಡೆದವನು ಕಾಗದ ತೋರಿಸಿ ವಾದಿಸಬಲ್ಲನು: "ತಿಂಗಳಿಗೆ 299 ಎಂದು ನಾವು ಬರೆದಿದ್ದೇವೆ, ಪಿನ್ ಒತ್ತಿದ್ದು ನಿಮ್ಮ ಫೋನೇ." ಅದು ಸುಳ್ಳಲ್ಲ. ತಿಳಿ ಬೂದು ಬಣ್ಣದಲ್ಲಿ, ಸಾಸಿವೆಯಂತಹ ಅಕ್ಷರದಲ್ಲಿ ಅದು ಬರೆದೇ ಇತ್ತು. ಆದರೆ ನಮ್ಮ ಧರ್ಮಸಭೆ ಒಪ್ಪಿಗೆಯೆಂಬುದನ್ನು ಬೆರಳಿನಿಂದ ಅಳೆಯುವುದಿಲ್ಲ. ಒಂದು ಕೃತ್ಯ ಮಾರಕ ಪಾಪವಾಗಬೇಕಾದರೆ ವಿಷಯ ಗಂಭೀರವಾಗಿದ್ದರೆ ಸಾಲದು, ಮಾಡುವವನಿಗೆ ಪೂರ್ಣ ಅರಿವಿರಬೇಕು, ಮನಸಾರೆ ಸಮ್ಮತಿಯೂ ಇರಬೇಕೆಂದು ನಾವೆಲ್ಲ ಪ್ರಥಮ ಪರಮಪ್ರಸಾದಕ್ಕೆ ಸಿದ್ಧರಾಗುವಾಗಲೇ ಕಲಿತಿದ್ದೇವೆ. ದೇವರ ನ್ಯಾಯಾಲಯದಲ್ಲೇ ಅರಿವಿಲ್ಲದ ಸಮ್ಮತಿಯನ್ನು ಪೂರ್ಣ ಸಮ್ಮತಿಯೆಂದು ಹಿಡಿಯುವುದಿಲ್ಲವೆಂದಾದರೆ, ಹತ್ತು ಪ್ರಶ್ನೆಗಳ ಆಟದ ಮಾಲೀಕನಿಗೆ ಅದನ್ನು ಹಿಡಿಯುವ ಹಕ್ಕು ಎಲ್ಲಿಂದ ಬಂದಿತು?

ನಾಡಿನ ಕಾನೂನೂ ಈ ವಿಷಯದಲ್ಲಿ ಮಗುವಿನ ಪರವಾಗಿಯೇ ಇದೆ. 1872ರ ಕರಾರು ಕಾಯ್ದೆಯ ಪ್ರಕಾರ ಪ್ರಾಪ್ತ ವಯಸ್ಸಿಗೆ ಬಾರದವರು ಕರಾರು ಮಾಡಲು ಅರ್ಹರಲ್ಲ. ಕಲ್ಕತ್ತದ ಒಬ್ಬ ಬಾಲಕ ತನ್ನ ಆಸ್ತಿಯನ್ನು ಅಡವಿಟ್ಟು ಸಾಲ ಪಡೆದ ಪ್ರಕರಣದಲ್ಲಿ 1903ರಲ್ಲಿ ಪ್ರಿವಿ ಕೌನ್ಸಿಲ್ ಆ ಅಡಮಾನ ಮೊದಲಿನಿಂದಲೇ ಅಸಿಂಧುವೆಂದು ತೀರ್ಪಿತ್ತಿತು. ಆತ ಅಪ್ರಾಪ್ತನೆಂಬುದು ಸಾಲ ಕೊಟ್ಟವನ ಪ್ರತಿನಿಧಿಗೆ ಆಗಲೇ ತಿಳಿದಿತ್ತು. ಇಂದಿನ ಚತುರರು ಆ ತೊಡಕನ್ನೂ ದಾಟಿದ್ದಾರೆ. ಆಟ ಮಕ್ಕಳಿಗಾಗಿ, ಬಣ್ಣ ಮಕ್ಕಳಿಗಾಗಿ, ಚಿತ್ರ ಮಕ್ಕಳಿಗಾಗಿ. ಖಾತೆ ಮಾತ್ರ ತಾಯಿಯದು. ಆಟವಾಡುವಾಗ ಮಗುವೆಂದು ತಿಳಿದವನಿಗೆ ಹಣ ಪಡೆಯುವಾಗ ಮಾತ್ರ ಅದು ದೊಡ್ಡವರೆಂದು ತೋರುತ್ತದೆ.

ಮಾರುವವನು ಎಷ್ಟನ್ನು ಬಿಚ್ಚಿ ಹೇಳಬೇಕು ಎಂಬ ಪ್ರಶ್ನೆ ಬಹಳ ಹಳೆಯದು. ರೋಮಿನ ಸಿಸೆರೊ ಒಬ್ಬ ಧಾನ್ಯ ವ್ಯಾಪಾರಿಯ ದೃಷ್ಟಾಂತ ಕೊಡುತ್ತಾನೆ. ರೋಡ್ಸ್ ದ್ವೀಪದಲ್ಲಿ ಬರಗಾಲ. ವ್ಯಾಪಾರಿ ಅಲೆಕ್ಸಾಂಡ್ರಿಯದಿಂದ ಧಾನ್ಯ ತುಂಬಿದ ಹಡಗು ತಂದಿದ್ದಾನೆ. ಇನ್ನೂ ಅನೇಕ ಹಡಗುಗಳು ಹಿಂದೆಯೇ ಬರುತ್ತಿವೆಯೆಂದು ಅವನಿಗೆ ಗೊತ್ತು, ಹಸಿದ ಜನರಿಗೆ ಗೊತ್ತಿಲ್ಲ. ಅವನು ಹೇಳಬೇಕೇ, ಸುಮ್ಮನಿದ್ದು ಹೆಚ್ಚಿನ ಬೆಲೆಗೆ ಮಾರಬಹುದೇ? ಮರೆಮಾಚಬಾರದೆಂದೇ ಸಿಸೆರೊ ನಿರ್ಣಯಿಸುತ್ತಾನೆ. ಹದಿಮೂರನೆಯ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಇದೇ ಮಾದರಿಯ ವ್ಯಾಪಾರಿಯನ್ನು ಎತ್ತಿಕೊಂಡು ಸ್ವಲ್ಪ ಸಡಿಲಿಸುತ್ತಾರೆ: ನ್ಯಾಯದ ದೃಷ್ಟಿಯಿಂದ ಹೇಳಲೇಬೇಕೆಂದಿಲ್ಲ, ಹೇಳಿದರೆ ಅದು ಹೆಚ್ಚಿನ ಸದ್ಗುಣ. ಆದರೆ ಸರಕಿನೊಳಗೇ ದೋಷ ಅಡಗಿದ್ದರೆ ಅವರು ಕಿಂಚಿತ್ತೂ ಸಡಿಲಿಸುವುದಿಲ್ಲ. ಕುದುರೆಗೆ ಒಂದೇ ಕಣ್ಣಿದ್ದರೆ ಅದು ಎಲ್ಲರಿಗೂ ಕಾಣುತ್ತದೆ, ಬೆಲೆಯನ್ನು ತಕ್ಕಷ್ಟು ಇಳಿಸಿದರೆ ಸಾಕು, ಸಾರಬೇಕಾಗಿಲ್ಲ. ಕುಂಟುವ ಕುದುರೆಯನ್ನು ಓಡುವ ಕುದುರೆಯೆಂದು, ಬೀಳುವ ಮನೆಯನ್ನು ಗಟ್ಟಿ ಮನೆಯೆಂದು ಮಾರಿದರೆ ಅದು ವಂಚನೆ, ಮಾರಿದವನು ನಷ್ಟ ತುಂಬಿಕೊಡಬೇಕು.

ಈ ಅಳತೆಗೋಲಿನಿಂದ ನೋಡಿದರೆ ಒಂದು ರೂಪಾಯಿಯ ಆಟದಲ್ಲಿ ದೋಷ ಕಾಣುವಂತಹುದೋ ಅಡಗಿದ್ದೋ? ಬರೆದದ್ದು ನಿಜ, ಕಾಣಬಾರದೆಂದೇ ಬರೆದದ್ದೂ ನಿಜ. ಮರೆಮಾಡಲೆಂದೇ ಬರೆದ ಬರಹ ನನ್ನ ದೃಷ್ಟಿಯಲ್ಲಿ ಮೌನಕ್ಕಿಂತ ಕೆಟ್ಟದ್ದು. ಏಕೆಂದರೆ ಅದು ವಂಚಿಸುವುದಲ್ಲದೆ ವಂಚಿತನನ್ನೇ ಅಪರಾಧಿಯನ್ನಾಗಿ ಮಾಡುತ್ತದೆ: ನೀನೇಕೆ ಓದಲಿಲ್ಲ? ಕುರುಡನ ದಾರಿಯಲ್ಲಿ ಎಡವುಗಲ್ಲನ್ನಿಡಬಾರದೆಂದು ಯಾಜಕಕಾಂಡ (19:14) ಆಜ್ಞಾಪಿಸುವಾಗ, ಕಲ್ಲಿಟ್ಟವನು ಪಕ್ಕದಲ್ಲಿ ಒಂದು ಫಲಕವನ್ನೂ ನೆಟ್ಟಿದ್ದನೇ ಎಂದು ವಿಚಾರಿಸುವುದಿಲ್ಲ. ಇತರರ ಅಜ್ಞಾನವನ್ನೋ ಸಂಕಷ್ಟವನ್ನೋ ಬಳಸಿಕೊಂಡು ಬೆಲೆ ಏರಿಸುವುದನ್ನು ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಏಳನೆಯ ಆಜ್ಞೆಯ ಉಲ್ಲಂಘನೆಗಳ ಸಾಲಿನಲ್ಲೇ ಇಟ್ಟಿದೆ. ನಮ್ಮ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವೂ 2023ರ ನವೆಂಬರ್‌ನಲ್ಲಿ ಇಂತಹ ಹದಿಮೂರು ಬಗೆಯ ಪರದೆಯ ಕುಯುಕ್ತಿಗಳನ್ನು ಹೆಸರಿಸಿ ನಿಷೇಧಿಸಿತು. ಚಂದಾದಾರನಾಗುವುದು ಸುಲಭ, ಹೊರಬರುವುದು ದುಸ್ತರ ಎಂಬಂತಹ ಬಲೆಯೂ ಅದರಲ್ಲಿ ಒಂದು. ನಿಷೇಧವಾದ ಮಾತ್ರಕ್ಕೆ ನಿಂತಿಲ್ಲವೆಂಬುದಕ್ಕೆ ಆ ಹುಡುಗನೇ ಸಾಕ್ಷಿ.

ಇಷ್ಟು ಹೇಳಿ ನಾವು, ತಂದೆತಾಯಿಯರು, ಕೈತೊಳೆದುಕೊಳ್ಳುವಂತಿಲ್ಲ. ಮರುವಾರದ ತರಗತಿಯಲ್ಲಿ ಒಂದು ಪ್ರಶ್ನೆ ಕೇಳಿದೆ: ಮನೆಯ ಫೋನಿನ ಪಿನ್ ಯಾರಿಗೆಲ್ಲ ಗೊತ್ತು? ಹೆಚ್ಚುಕಡಿಮೆ ಎಲ್ಲ ಕೈಗಳೂ ಮೇಲೆದ್ದವು. ಒಬ್ಬ ಪುಟ್ಟ ಹುಡುಗಿಯಂತೂ ಅಜ್ಜನದನ್ನು ಜೋರಾಗಿ ಹೇಳಿಯೇಬಿಟ್ಟಳು. ಹಿಂದೆ ಬೀರುವಿನ ಬೀಗದ ಕೈಯನ್ನು ಸೀರೆಯ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದ ಮನೆಗಳಲ್ಲೇ ಇಂದು ಇದು ನಡೆಯುತ್ತಿದೆ. ಅಳುವ ಮಗುವಿಗೆ, ಉಣ್ಣದ ಮಗುವಿಗೆ, ಅತಿಥಿಗಳ ಮುಂದೆ ಗಲಾಟೆ ಮಾಡುವ ಮಗುವಿಗೆ ನಾವು ಫೋನನ್ನು ಕೊಟ್ಟದ್ದು ನಮ್ಮ ನೆಮ್ಮದಿಗಾಗಿ. ಮೇಲಾಗಿ, ಓದದೆಯೇ 'ಒಪ್ಪಿದೆ' ಎಂದು ಒತ್ತುವುದನ್ನು ಮಕ್ಕಳು ಕಲಿತದ್ದೂ ನಮ್ಮಿಂದಲೇ.

ಮಾಡಬೇಕಾದ ಕೆಲಸಗಳು ಕಷ್ಟದವಲ್ಲ. ಪಿನ್ ಬದಲಿಸಿ ನಾವೇ ಒತ್ತುವುದು. ತಿಂಗಳಿಗೊಮ್ಮೆ ಪಾವತಿಯ ಆ್ಯಪ್‌ನಲ್ಲಿ ಆಟೋಪೇ ಎಂಬ ಪಟ್ಟಿಯನ್ನು ತೆರೆದು ನಮಗೆ ತಿಳಿಯದ ಹೆಸರುಗಳನ್ನು ರದ್ದುಮಾಡುವುದು. ಆ್ಯಪ್‌ಗಳನ್ನು ಕೊಳ್ಳುವಾಗ ಪ್ರತಿ ಸಲವೂ ಗುಪ್ತಪದ ಕೇಳುವಂತೆ ಮಾಡಿಡುವುದು. ಈ ಕೊನೆಯದು ಸಣ್ಣ ವಿಷಯವಲ್ಲ. ಒಮ್ಮೆ ಗುಪ್ತಪದ ಕೊಟ್ಟ ಮೇಲೆ ಹದಿನೈದು ನಿಮಿಷ ಮಕ್ಕಳು ಮನಬಂದಷ್ಟು ಕೊಳ್ಳಲು ಸಾಧ್ಯವಿದ್ದ ಕಾರಣಕ್ಕೆ 2014ರ ಜನವರಿಯಲ್ಲಿ ಆಪಲ್ ಕಂಪನಿ ಅಮೆರಿಕದ ತಂದೆತಾಯಿಯರಿಗೆ ಕನಿಷ್ಠ 3 ಕೋಟಿ 25 ಲಕ್ಷ ಡಾಲರು ಹಿಂದಿರುಗಿಸಲು ಒಪ್ಪಬೇಕಾಯಿತು. ನಮ್ಮಲ್ಲಿ ಹಣ ವಂಚನೆಯಾದರೆ ತಕ್ಷಣ 1930ಕ್ಕೆ, ಗ್ರಾಹಕ ದೂರಿದ್ದರೆ 1915ಕ್ಕೆ ಕರೆ ಮಾಡಬಹುದು.

ಆದರೆ ಇವೆಲ್ಲಕ್ಕೂ ಮೊದಲು ಮಗು ಬಾಯಿ ಬಿಡಬೇಕು. ಮೊದಲ 299 ಹೋದ ದಿನವೇ, ಅಥವಾ ಒಂದು ರೂಪಾಯಿ ಒತ್ತಿದ ಸಂಜೆಯೇ ಆ ಹುಡುಗ ತಾಯಿಗೆ ಹೇಳಿದ್ದರೆ ಈ ಲೇಖನಕ್ಕೆ ವಸ್ತುವೇ ಇರುತ್ತಿರಲಿಲ್ಲ. ಏಕೆ ಹೇಳಲಿಲ್ಲವೆಂದು ಕೇಳಿದೆ. ಕೆಲವು ತಿಂಗಳ ಹಿಂದೆ ಫೋನಿನ ಗಾಜು ಒಡೆದಾಗ ಬಿದ್ದ ಏಟಿನ ನೆನಪು ಅವನಿಗಿತ್ತು. ಈ ಕಳ್ಳವ್ಯಾಪಾರ ನಡೆಯುವುದೇ ಎರಡು ಮೌನಗಳ ಮೇಲೆ: ಸಾಸಿವೆಯಕ್ಷರದ ಮೌನ ಒಂದು, ಹೆದರಿದ ಮಗುವಿನ ಮೌನ ಇನ್ನೊಂದು. ಮೊದಲನೆಯದನ್ನು ಮುರಿಯಲು ಸರ್ಕಾರಗಳಿಗೇ ವರ್ಷಗಳು ಹಿಡಿದವು. ಎರಡನೆಯದು ನಮ್ಮ ಅಡುಗೆಮನೆಯಲ್ಲೇ ಇದೆ.

ಯೇಸುಸ್ವಾಮಿ ಹನ್ನೆರಡು ವರ್ಷದವರಿದ್ದಾಗ ಜೆರುಸಲೇಮಿನಲ್ಲಿ ಉಳಿದುಬಿಟ್ಟ ಪ್ರಸಂಗವನ್ನು (ಲೂಕ 2:41-51) ಈ ಕಣ್ಣಿನಿಂದ ಮತ್ತೊಮ್ಮೆ ಓದಬೇಕೆನಿಸುತ್ತದೆ. ಮಗ ಗುಂಪಿನಲ್ಲೇ ಇದ್ದಾನೆಂದು ಭಾವಿಸಿ ಮರಿಯಮ್ಮನವರೂ ಜೋಸೆಫರೂ ಒಂದು ದಿನದ ದಾರಿ ನಡೆದುಬಿಟ್ಟರು. ಲೋಕದ ಅತಿ ಪವಿತ್ರ ಕುಟುಂಬದಲ್ಲಿಯೂ ಮಗ ಎಲ್ಲಿದ್ದಾನೆಂಬುದು ಒಂದು ದಿನ ಯಾರಿಗೂ ತಿಳಿಯಲಿಲ್ಲ. ನಮಗೆ ಇದು ಸಣ್ಣ ಸಮಾಧಾನವೇನಲ್ಲ. ಮೂರು ದಿನಗಳ ಮೇಲೆ ಸಿಕ್ಕ ಮಗನ ಮುಂದೆ ತಾಯಿ ತಮ್ಮ ಕಳವಳವನ್ನು ಬಚ್ಚಿಡಲಿಲ್ಲ. ಆದರೆ ಅವರು ಮೊದಲು ಆಡಿದ್ದು ಪ್ರಶ್ನೆ: ಹೀಗೇಕೆ ಮಾಡಿದೆ ಎಂಬುದು. ಪ್ರಶ್ನೆ ಕೇಳಿ ಉತ್ತರಕ್ಕೆ ಕಾದರು. ಉತ್ತರ ಅರ್ಥವಾಗದಿದ್ದರೂ ಅದನ್ನು ಹೃದಯದಲ್ಲಿ ಇಟ್ಟುಕೊಂಡರು. ನಮ್ಮಲ್ಲಿ ಎಷ್ಟು ಮಂದಿ ಉತ್ತರ ಬರುವವರೆಗೆ ಕೈ ತಡೆದಿದ್ದೇವೆ?

ತರಗತಿಯ ಆ ಭಾನುವಾರ ಹುಡುಗನಿಗೆ ನಾನು ಹೇಳಿದ್ದು ಇಷ್ಟು. ಆ 897 ರೂಪಾಯಿ ನೀನು ಕದ್ದದ್ದಲ್ಲ, ಅದು ನಿನ್ನ ಬೆರಳನ್ನು ಬಳಸಿಕೊಂಡು ಬೇರೆಯವರು ತೆಗೆದದ್ದು. ಒಂದು ರೂಪಾಯಿಯನ್ನು ಅಮ್ಮನನ್ನು ಕೇಳದೆ ಕೊಟ್ಟದ್ದು ತಪ್ಪು, ಸಣ್ಣ ತಪ್ಪು. ಏಳು ವರ್ಷ ತುಂಬಿದವರಿಗೆ ವಿವೇಚನೆಯಿದೆಯೆಂದು ಧರ್ಮಸಭೆಯ ಕಾನೂನು ಭಾವಿಸುತ್ತದೆ. ನಿನಗೆ ಹನ್ನೊಂದಾಯಿತು, ಅಷ್ಟನ್ನು ನೀನು ಹೊರಬಲ್ಲೆ. ಆದರೆ ಅಂಗಡಿಯ ಮುಂದೆ ನಿಂತು ಸುಮ್ಮನಿದ್ದೆಯಲ್ಲ, ನಿನಗೆ ಭಾರವಾಗಿರುವುದು ಅದು. ಅದು ಏಳನೆಯ ಆಜ್ಞೆಗಿಂತ ಎಂಟನೆಯದಕ್ಕೆ ಸೇರಿದ್ದು, ಸುಳ್ಳುಸಾಕ್ಷಿಯ ಮಾತು. ಅವನು ಸ್ವಲ್ಪ ಹೊತ್ತು ಯೋಚಿಸಿ ಕೇಳಿದ: "ಪಾಪನಿವೇದನೆ ಮಾಡಿದರೆ ಸಾಕಾ ಸರ್, ಅಂಗಡಿಗೂ ಹೋಗಬೇಕಾ?" ಜಕ್ಕಾಯನು ಯಾರಿಗೆ ಹಿಂದಿರುಗಿಸುತ್ತೇನೆಂದು ಹೇಳಿದನೆಂಬುದನ್ನು ನೆನಪು ಮಾಡಿಕೋ ಎಂದೆ. ಹಣದಂತೆಯೇ ಒಬ್ಬರ ಹೆಸರನ್ನೂ ತೆಗೆದುಕೊಂಡಿದ್ದರೆ ಹಿಂದಿರುಗಿಸಬೇಕಾಗುತ್ತದೆ, ಅದನ್ನು ತೆಗೆದುಕೊಂಡ ಜಾಗದಲ್ಲಿಯೇ.

ಅಂದು ಸಂಜೆ ಅವನು ತಾಯಿಗೆ ಹೇಳಿದನಂತೆ. ಆಕೆ ಮೊದಲು ಕೈಯೆತ್ತಿದರಂತೆ, ಹೊಡೆಯಲಿಲ್ಲವಂತೆ. ಪಕ್ಕದ ಮನೆಯ ಕಾಲೇಜು ಹುಡುಗಿ ಆಟೋಪೇ ರದ್ದುಮಾಡಿಕೊಟ್ಟಳು. ದೂರು ಕೊಟ್ಟ ಮೇಲೆ ಒಂದು ತಿಂಗಳ ಹಣ ಮರಳಿತು, ಎರಡು ತಿಂಗಳದು ಇಂದಿಗೂ ಬಂದಿಲ್ಲ. ಮರುದಿನ ಸಂಜೆ ತಾಯಿಮಕ್ಕಳಿಬ್ಬರೂ ಅಂಗಡಿಗೆ ಹೋದರು. ಹಾಲಿಗೆ ಬಂದವರು, ಮೊಟ್ಟೆಗೆ ಬಂದವರು ನಿಂತಿದ್ದಾಗಲೇ ಆಕೆ "ತಪ್ಪಾಯಿತು ಅಣ್ಣ, ನೀವಲ್ಲ" ಎಂದರು. ಹುಡುಗ ನಡೆದದ್ದನ್ನು ತಾನೇ ಹೇಳಿದ. ಅಂಗಡಿಯವರು ಏನೂ ಮಾತನಾಡದೆ ತಕ್ಕಡಿಯಲ್ಲಿದ್ದ ಬೇಳೆಯನ್ನು ಪೊಟ್ಟಣ ಕಟ್ಟಿ ಕೊಟ್ಟು, ಕೈಯೊರೆಸಿಕೊಂಡು, ಜೇಬಿನಿಂದ ತಮ್ಮ ಫೋನನ್ನು ತೆಗೆದು ಹುಡುಗನ ಮುಂದೆ ಹಿಡಿದರು.

"ಆ ಪಟ್ಟಿ ಎಲ್ಲಿ ಬರುತ್ತೆ ಮಗಾ, ನಂದರಲ್ಲೂ ಒಂದು ಸಲ ನೋಡು."

ನೋಡಿದ. ಅದರಲ್ಲಿ ಎರಡು ಇದ್ದವು.